ವಾಹನದ ವಿಂಚ್‌ಗೆ ಉಕ್ಕಿನ ಹಗ್ಗದ ಬದಲು ಕೃತಕ ನಾರಿನ ಹಗ್ಗ ಅಳವಡಿಸುವ ಕುರಿತು ಮಾಹಿತಿ

ಕೊಡಗು, ಚಿಕ್ಕಮಗಳೂರು ಹಾಗೂ ಹಾಸನ ಜಿಲ್ಲೆಗಳ ತೋಟದ ದಾರಿಗಳಲ್ಲಿ ಮಳೆಗಾಲದಲ್ಲಿ ಕೆಸರಿನಲ್ಲಿ ಹೂತುಹೋದ ಜೀಪುಗಳನ್ನು ಹೊರತೆಗೆಯಲು ವಾಹನದ ಮುಂಭಾಗದಲ್ಲಿ ವಿದ್ಯುತ್‌ಚಾಲಿತ ವಿಂಚ್ ಅಳವಡಿಸಿಕೊಳ್ಳುವ ರೂಢಿಯಿದೆ. ಇಂತಹ ವಿಂಚ್‌ಗಳ ಉಕ್ಕಿನ ಹಗ್ಗವನ್ನು ತೆಗೆದು ಕೃತಕ ನಾರಿನ ಹಗ್ಗ ಹಾಕಿಸಲು ಇಚ್ಛಿಸುವ ವಾಹನ ಮಾಲೀಕರ ಅವಗಾಹನೆಗಾಗಿ ಈ ಕೆಳಕಂಡ ಮಾಹಿತಿಯನ್ನು ಒದಗಿಸಲಾಗಿದೆ.

ಬದಲಾವಣೆಯಿಂದ ಆಗುವ ಮತ್ತು ಆಗದ ಪ್ರಯೋಜನ

ಹಗ್ಗವನ್ನು ಬದಲಾಯಿಸಿದ ಮಾತ್ರಕ್ಕೆ ವಿಂಚ್‌ನ ಎಳೆಯುವ ಸಾಮರ್ಥ್ಯ ಹೆಚ್ಚುವುದಿಲ್ಲ. ಸದರಿ ಸಾಮರ್ಥ್ಯವು ಮೋಟಾರು ಮತ್ತು ಗಿಯರುಗಳಿಗೆ ಸಂಬಂಧಿಸಿದ್ದಾಗಿದ್ದು, ತಯಾರಕರು ನಮೂದಿಸುವ ಅಂಕಿಯು ಡ್ರಮ್ಮಿನ ಮೇಲಿನ ಮೊದಲನೆಯ ಸುತ್ತಿನ ಪದರಕ್ಕೆ ಮಾತ್ರ ಅನ್ವಯಿಸುತ್ತದೆ. ಪದರಗಳು ಹೆಚ್ಚಿದಂತೆ ಎಳೆತ ಕುಗ್ಗುತ್ತದೆ. ವಾಹನದ ಒಟ್ಟು ತೂಕದ ಒಂದೂವರೆ ಪಟ್ಟು ಸಾಮರ್ಥ್ಯದ ವಿಂಚ್ ಇರಬೇಕೆಂಬುದು ಸಾಮಾನ್ಯ ಲೆಕ್ಕ, 2,000 ಕೆ.ಜಿ. ತೂಕದ ವಾಹನಕ್ಕೆ 3,000 ಕೆ.ಜಿ. ಇದಕ್ಕಿಂತ ಕಡಿಮೆಯಿದ್ದಲ್ಲಿ ಹೊಸ ಹಗ್ಗಕ್ಕೆ ಹಣ ವ್ಯಯಿಸುವ ಬದಲು ಎಳೆತವನ್ನು ಹೆಚ್ಚುಕಡಿಮೆ ಇಮ್ಮಡಿಗೊಳಿಸುವ ರಾಟೆಯೊಂದನ್ನು ಖರೀದಿಸುವುದು ಮೇಲು.

ನಿಜವಾದ ಪ್ರಯೋಜನವಿರುವುದು ಸುರಕ್ಷತೆಯಲ್ಲಿ. ಸುಮಾರು 30 ಮೀಟರ್ ಉದ್ದದ 9 ಮಿ.ಮೀ. ಉಕ್ಕಿನ ಹಗ್ಗವು ಅಂದಾಜು 9 ಕೆ.ಜಿ. ತೂಗಿದರೆ, ಅಷ್ಟೇ ಉದ್ದದ 10 ಮಿ.ಮೀ. ನಾರಿನ ಹಗ್ಗವು 2 ಕೆ.ಜಿ.ಗೂ ಕಡಿಮೆ ತೂಗುತ್ತದೆ. ಬಿಗಿದ ಉಕ್ಕಿನ ಹಗ್ಗವು ತುಂಡಾದಾಗ ತನ್ನ ಭಾರದಿಂದಲೇ ಚಾಟಿಯಂತೆ ಬೀಸಿ ಸುತ್ತಲಿದ್ದವರ ಪ್ರಾಣಕ್ಕೆ ಎರವಾಗಬಲ್ಲದು. ನಾರಿನ ಹಗ್ಗದಲ್ಲಿ ಈ ಅಪಾಯ ಕಡಿಮೆ, ಆದರೆ ಇಲ್ಲವೆಂದಲ್ಲ. ತುದಿಯ ಕೊಕ್ಕೆ ಅಥವಾ ಶ್ಯಾಕಲ್ ಸಿಡಿದು ಬಂದಲ್ಲಿ ಹಗ್ಗ ಯಾವುದಾದರೂ ಪರಿಣಾಮ ಒಂದೇ. ಆದ್ದರಿಂದ ಎಳೆಯುವಾಗ ಹಗ್ಗದ ಮೇಲೆ ಒದ್ದೆ ಗೋಣಿತಾಟು ಅಥವಾ ಕಂಬಳಿ ಹೊದಿಸತಕ್ಕದ್ದು. ಹೊರಚಾಚಿದ ಹಗ್ಗದ ಉದ್ದದ ಒಂದೂವರೆ ಪಟ್ಟು ಅಂತರದೊಳಗೆ ನೋಡುಗರನ್ನು, ವಿಶೇಷವಾಗಿ ಮಕ್ಕಳನ್ನು, ನಿಲ್ಲಗೊಡಬಾರದು.

ಹಗ್ಗದೊಂದಿಗೆ ಬದಲಾಯಿಸಬೇಕಾದ ಭಾಗಗಳು

ಹಗ್ಗ ಮಾತ್ರ ಬದಲಾಯಿಸಿ ಉಳಿದ ಭಾಗಗಳನ್ನು ಹಾಗೆಯೇ ಬಿಡುವುದು ಹೆಚ್ಚಿನ ತೊಂದರೆಗೆ ಕಾರಣವಾಗುತ್ತದೆ. ಹಗ್ಗ ಹೊರಬರುವ ಬಾಯಿಯಲ್ಲಿನ ರೋಲರುಗಳ ಮೇಲೆ ಉಕ್ಕಿನ ಹಗ್ಗವು ವರ್ಷಗಟ್ಟಲೆ ಉಜ್ಜಿ ಹರಿತವಾದ ಗೀರುಗಳನ್ನು ಮಾಡಿರುತ್ತದೆ. ಇವು ನಾರನ್ನು ಗರಗಸದಂತೆ ಕತ್ತರಿಸುವುದರಿಂದ, ರೋಲರುಗಳ ಬದಲು ನುಣುಪಾದ ಅಲ್ಯೂಮಿನಿಯಂ ಬಾಯಿ ಹಾಕಿಸುವುದು ಅಗತ್ಯ. ಡ್ರಮ್ಮಿನ ಅಂಚುಗಳನ್ನೂ ಉಜ್ಜು ಕಾಗದದಿಂದ ನುಣುಪುಗೊಳಿಸಬೇಕು.

ಡ್ರಮ್ಮಿನ ಒಳಗೇ ಬ್ರೇಕ್ ಇರುವ ವಿಂಚ್‌ಗಳಲ್ಲಿ ಬಿಸಿಯ ಪ್ರಶ್ನೆ ಇನ್ನೂ ಗಂಭೀರ. ಈ ನಾರು ಸುಮಾರು 145 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಅದಕ್ಕೂ ಬಹಳ ಮೊದಲೇ, 70 ಡಿಗ್ರಿ ಆಸುಪಾಸಿನಲ್ಲಿ, ಬಲ ಕುಗ್ಗಲಾರಂಭಿಸುತ್ತದೆ. ಇಳಿಜಾರಿನಲ್ಲಿ ವಾಹನವನ್ನು ವಿಂಚ್‌ನ ಮೂಲಕವೇ ಕೆಳಗಿಳಿಸಿದಾಗ ಬ್ರೇಕಿನ ಬಿಸಿ ಡ್ರಮ್ಮಿಗೆ ತಟ್ಟಿ ಒಳಸುತ್ತುಗಳು ಹಾಳಾಗುತ್ತವೆ; ಹೊರಗಿನಿಂದ ನೋಡಿದರೆ ಹಗ್ಗ ಹೊಸದರಂತೆಯೇ ಕಾಣುತ್ತದೆ. ಮೊದಲ ಪದರಕ್ಕೆ ಶಾಖನಿರೋಧಕ ಕವಚವಿರುವ ಹಗ್ಗವನ್ನೇ ಆಯ್ದುಕೊಳ್ಳುವುದು ಸೂಕ್ತ.

ಹಗ್ಗವನ್ನು ಡ್ರಮ್ಮಿಗೆ ತಯಾರಕರು ಸೂಚಿಸಿದ ದಿಕ್ಕಿನಲ್ಲಿಯೇ ಸುತ್ತತಕ್ಕದ್ದು. ತಿರುವುಮುರುವಾಗಿ ಸುತ್ತಿದಲ್ಲಿ ಬ್ರೇಕ್ ಭಾರವನ್ನು ಹಿಡಿದಿಡುವುದಿಲ್ಲ. ಉಕ್ಕಿನ ಹಗ್ಗಕ್ಕೆ ಡ್ರಮ್ಮಿನ ಮೇಲೆ ಕನಿಷ್ಠ 5 ಸುತ್ತು ಉಳಿಸಿದರೆ ಸಾಕು. ನಾರಿನ ಹಗ್ಗ ಜಾರುವ ಸ್ವಭಾವದ್ದಾದ್ದರಿಂದ 8ರಿಂದ 10 ಸುತ್ತು ಇರಬೇಕು. ತುಂಡಾದ ಹಗ್ಗಕ್ಕೆ ಗಂಟು ಹಾಕಿದರೆ ಬಲ ಅರ್ಧಕ್ಕಿಳಿಯುತ್ತದೆ. ಎಳೆಗಳನ್ನು ಹೆಣೆದು ಜೋಡಿಸುವುದೇ ಸರಿಯಾದ ಕ್ರಮ. ಕೆಸರು ಮತ್ತು ಮರಳಿನ ಕಣಗಳು ನಾರಿನೊಳಗೆ ಸೇರಿ ಅದನ್ನು ಸವೆಸುವುದರಿಂದ ಬಳಸಿದ ನಂತರ ನೀರಿನಿಂದ ತೊಳೆಯಬೇಕು. ಬಿಸಿಲಿಗೂ ನಾರು ಕ್ರಮೇಣ ಸೊರಗುತ್ತದೆ.

ನೋಂದಣಿಗೆ ಸಂಬಂಧಿಸಿದಂತೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 52ರಂತೆ, ನೋಂದಣಿ ಪ್ರಮಾಣಪತ್ರದಲ್ಲಿನ ವಿವರಗಳು ತಯಾರಕರ ಮೂಲ ವಿವರಗಳಿಗೆ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸತಕ್ಕದ್ದಲ್ಲ. ಹಗ್ಗದ ವಿವರ ಪ್ರಮಾಣಪತ್ರದಲ್ಲಿ ಇರುವುದಿಲ್ಲ. ಆದರೆ ಹಗ್ಗದ ನೆಪದಲ್ಲಿ ಭಾರಿ ಉಕ್ಕಿನ ಮುಂಬಂಪರು, ಬುಲ್ ಬಾರ್ ಇತ್ಯಾದಿಗಳನ್ನು ಕೂಡಿಸುವುದು ಬೇರೆಯೇ ವಿಷಯ. ಬುಲ್ ಬಾರ್‌ಗಳ ವಿರುದ್ಧ ಕ್ರಮ ಜರುಗಿಸುವಂತೆ ಕೇಂದ್ರ ರಸ್ತೆ ಸಾರಿಗೆ ಮತ್ತು ಹೆದ್ದಾರಿ ಸಚಿವಾಲಯವು 2017ರ ಡಿಸೆಂಬರ್‌ನಲ್ಲಿ ರಾಜ್ಯಗಳಿಗೆ ಸೂಚಿಸಿದೆ. ವಿಂಚ್ ಹಾಕಿಸಿಕೊಡುವವರು ಈ ವಿಷಯವನ್ನು ಸಾಮಾನ್ಯವಾಗಿ ಪ್ರಸ್ತಾಪಿಸುವುದಿಲ್ಲ. ಹೊಣೆ ಮಾತ್ರ ಮಾಲೀಕರದ್ದು.

ವಾಹನಕ್ಕೆ ಹೊಸದಾಗಿ ವಿಂಚ್ ಕೂಡಿಸುವ ಮಾಲೀಕರು ಕೆಲಸ ಮಾಡಿಸುವ ಮುನ್ನವೇ ತಮ್ಮ ವ್ಯಾಪ್ತಿಯ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ ವಿಚಾರಿಸುವುದು ಹಾಗೂ ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸುವುದು ಒಳಿತು. ಅನುಮೋದನೆ ಪಡೆದು ಮಾರ್ಪಾಡು ಮಾಡಿದಲ್ಲಿ, ಮಾರ್ಪಾಡಾದ 14 ದಿನಗಳೊಳಗಾಗಿ ವರದಿಯನ್ನು ಮೂಲ ನೋಂದಣಿ ಪ್ರಮಾಣಪತ್ರದೊಂದಿಗೆ ನೋಂದಣಿ ಪ್ರಾಧಿಕಾರಕ್ಕೆ ಸಲ್ಲಿಸತಕ್ಕದ್ದು.