ಬೀದಿ ಬರೆದೋರು ಎಲ್ಲಿ ನಿಂತಿದ್ರು?

ಹಳೇ ಚಿತ್ರಗಳಲ್ಲಿ ನಮ್ ಕಡೆ ಊರುಗಳು ಹೆಂಗಿದ್ವು ಅಂತ ಹುಡುಕಿದ್ರೆ ಸಿಗೋದು ಬರೀ ಬೆಟ್ಟ ಕಣ್ರೀ. ಟಿಪ್ಪು ಮೇಲೆ ದಂಡೆತ್ತಿ ಬಂದ ಕಾರ್ನ್‌ವಾಲಿಸನ ಸೈನ್ಯದ ಜೊತೆ ರಾಬರ್ಟ್ ಹೋಮ್ ಅನ್ನೋ ಚಿತ್ರಕಾರ ಬಂದಿದ್ದ. 1791ರ ಡಿಸೆಂಬರಲ್ಲಿ ಸಾವನದುರ್ಗ ಇಂಗ್ಲಿಷರ ಕೈಗೆ ಹೋಯ್ತು. 1794ರಲ್ಲಿ ಇವನ ಚಿತ್ರದ ಪುಸ್ತಕ ಅಚ್ಚಾಯ್ತು. ಅದ್ರಲ್ಲಿ ಮಾಗಡಿ ಕಡೆಯಿಂದ ಕಾಣೋ ಸಾವನದುರ್ಗ ಐತೆ, ಮಾಗಡಿ ಬೀದಿ ಇಲ್ಲ. ಗೆದ್ದೋರಿಗೆ ಬೇಕಾಗಿದ್ದು ಕೋಟೆ. ಗಾಣದೋನ ಮನೆ ಬಾಗಿಲು ಕಟ್ಕೊಂಡು ಅವ್ರಿಗೇನು?

ಅದೇ ಕಾಲದಲ್ಲಿ ಜೇಮ್ಸ್ ಹಂಟರ್ ಅನ್ನೋ ಫಿರಂಗಿ ದಳದ ಅಧಿಕಾರಿ ಬೆಂಗಳೂರಿನ ಒಂದು ಬೀದಿ ಬರೆದವ್ನೆ. ಅದರ ಹೆಸರು ‘ಬೆಂಗಳೂರು ಅರಮನೆಗೆ ಹೋಗೋ ಬೀದಿ’ ಅಂತ. ನಮ್ ಕೆಂಪೇಗೌಡ್ರು ಕಟ್ಟಿಸಿದ ಪೇಟೇಲಿ ಹೆಸರುಗಳೇ ಬೇರೆ: ಅಕ್ಕಿಪೇಟೆ, ಗಾಣಿಗರಪೇಟೆ, ಕುಂಬಾರಪೇಟೆ, ತಿಗಳರಪೇಟೆ. ಯಾರು ಎಲ್ಲಿ ಇರ್ಬೇಕು ಅಂತ ಗೆರೆ ಎಳೆದ ಹಂಗೆ.

ಬೀದಿ ತುಂಬ ಜನ ಇರೋ ಚಿತ್ರ ಅಂದ್ರೆ ಮೈಸೂರು ಅರಮನೆ ಕಲ್ಯಾಣ ಮಂಟಪದ ಗೋಡೆಗಳಲ್ಲಿರೋ ದಸರಾ ಮೆರವಣಿಗೆ. 26 ಚಿತ್ರ, 1934ರಿಂದ 1945ರವರೆಗೆ ಫೋಟೋ ನೋಡ್ಕೊಂಡು ಬರೆದಿದ್ದು. ಎಲ್ರೂ ಅಂಬಾರಿ ನೋಡ್ತಾರೆ, ನಾನು ಅಂಚಲ್ಲಿ ನಿಂತೋರ್ನ ನೋಡ್ತೀನಿ. ನಡುವೆ ಆನೆ, ಕುದುರೆ, ಸಮವಸ್ತ್ರದ ಸಿಪಾಯಿಗಳು, ಸಾಲು ತಪ್ಪಲ್ಲ. ಪಕ್ಕದಲ್ಲಿ ಒತ್ತೊತ್ತಾಗಿ ಜನ. 1882ಕ್ಕೆ ಬೆಂಗಳೂರು-ಮೈಸೂರು ರೈಲು ಬಂದ್ಮೇಲೆ ಚನ್ನಪಟ್ಟಣ, ಕ್ಲೋಸ್‌ಪೇಟೆಯೋರು (ನಮ್ ರಾಮನಗರಾನೇ, ಬ್ರಿಟಿಷ್ ರೆಸಿಡೆಂಟ್ ಬ್ಯಾರಿ ಕ್ಲೋಸನ ಹೆಸರು ಅದಕ್ಕೆ) ದಸರಾಗೆ ರೈಲಲ್ಲೇ ಹೋಗ್ಬೋದಿತ್ತು. ಮಾಗಡಿ, ಕನಕಪುರಕ್ಕೆ ಇವತ್ತಿಗೂ ರೈಲಿಲ್ಲ ಬಿಡಿ. ನಮ್ಮಜ್ಜಿ ರೊಟ್ಟಿ ಬುತ್ತಿ ಕಟ್ಕೊಂಡು ಹೋಗಿ ಬೆಳಿಗ್ಗೆಯಿಂದ ನಿಂತಿದ್ಲಂತೆ, ಕೊನೆಗೆ ಕಂಡಿದ್ದು ಆನೆ ಬೆನ್ನು ಮಾತ್ರ. ಆ ಚಿತ್ರ ಕಾಣೋ ಜಾಗಕ್ಕೆ ಅಜ್ಜೀನ ಯಾರೂ ಬಿಡ್ತಿರ್ಲಿಲ್ಲ. ಅಜ್ಜಿ ನಿಂತ ಜಾಗದಿಂದ ಯಾರೂ ಬರೀಲಿಲ್ಲ.

ನಮ್ ಊರುಗಳಲ್ಲಿ ಬರೆಯೋಕೆ ಏನಿತ್ತು ಅಂತೀರಾ? ನೂಲು ಬಿಚ್ಚೋ ಮನೆಗಳ ಸಾಲು, ಗೂಡು ಬೇಯಿಸೋ ಹಬೆ, ಬಿಸಿನೀರಲ್ಲಿ ಅದ್ದಿ ಅದ್ದಿ ಬಿಳುಚಿಕೊಂಡ ಹೆಂಗಸರ ಬೆರಳು. (ಆ ವಾಸನೆ ಬರೆಯಕ್ಕಾಗಲ್ಲ, ಒಳ್ಳೇದೇ ಆಯ್ತು.) ಚನ್ನಪಟ್ಟಣದಲ್ಲಿ ಬೊಂಬೆ ಮಾಡೋರ ಮನೆ ಮುಂದೆ ಆಲೆ ಮರದ ಹೊಟ್ಟು, ಬಣ್ಣದ ಅರಗು. ತೇರು ಎಳೆಯೋ ಬೀದಿ ಅಗಲ. ಊರಾಚೆ ಕೇರಿಗೆ ಹೋಗೋ ದಾರೀಲಿ ಗಾಡಿ ತಿರುಗ್ತಿರ್ಲಿಲ್ಲ. ತೇರು ಆ ಕಡೆ ಹೋಗ್ತಾನೂ ಇರ್ಲಿಲ್ಲ. ಎರಡನ್ನೂ ಒಂದೇ ಹಾಳೇಲಿ ಯಾರಾದ್ರೂ ಬರೆದಿದ್ರೆ ಸಾಕಿತ್ತು, ಬೇರೆ ಇತಿಹಾಸ ಹೇಳೋದೇ ಬೇಕಿರ್ಲಿಲ್ಲ.

ಮೊನ್ನೆ ನನ್ ಮೊಮ್ಮಗಳು ಸ್ಕೂಲಿಗೆ ‘ನಮ್ಮ ಬೀದಿ’ ಅಂತ ಚಿತ್ರ ಬರೆದ್ಲು. ಗೇಟು, ಎರಡು ಕಾರು, ಒಂದು ನಾಯಿ. “ಸೊಪ್ಪಿನವ್ವ ಎಲ್ಲೇ?” ಅಂದೆ. “ಅವ್ರು ನಮ್ ಬೀದಿಯೋರಲ್ವಲ್ಲ ಅಜ್ಜಿ” ಅಂದ್ಲು. ಕೈಲಾಂಚ ಕಡೆಯಿಂದ ಮೊದಲ್ನೇ ಬಸ್ಸಿಗೆ ಬಂದು, ನಾವು ಹಾಲು ಕಾಯಿಸೋ ಹೊತ್ತಿಗೆ ಆ ಗೇಟಿನ ಮುಂದೇನೇ ದಿನಾ ಕೂಗ್ತಾಳೆ ಆಯಮ್ಮ.