ಕೃಷ್ಣಾತೀರದ ಎರೆನೆಲವೂ ಪರದೇಶದ ವಿದ್ಯೆಯೂ

ಪರದೇಶದಿಂದ ಬಂದುದನ್ನೆಲ್ಲ ತಿರಸ್ಕರಿಸುವವರು ಕೆಲವರು. ಪರದೇಶದ್ದೆಂಬ ಕಾರಣದಿಂದಲೇ ಅದನ್ನು ತಲೆಯ ಮೇಲೆ ಹೊರುವವರು ಹಲವರು. ಈ ಎರಡು ಬಗೆಯ ಜನರೂ ನಿಪ್ಪಾಣಿಯ ತಂಬಾಕಿನ ಪೇಟೆಯಲ್ಲಿ ಒಂದು ಗಳಿಗೆ ನಿಂತು ವಿಚಾರಿಸಿದರೆ ತಮ್ಮ ಅಭಿಪ್ರಾಯವನ್ನು ತಿದ್ದಿಕೊಳ್ಳಬೇಕಾದೀತು. ಆ ಊರಿಗೆ ಹೆಸರು ತಂದ ತಂಬಾಕು ಅಮೇರಿಕೆಯ ಗಿಡ. ಪೋರ್ತುಗೀಜರ ಹಡಗುಗಳ ಮೂಲಕ ದಖ್ಖಣಕ್ಕೆ ಬಂದ ಅದನ್ನು 17ನೆಯ ಶತಮಾನದ ಆರಂಭದಲ್ಲಿ ಅಸದ ಬೇಗನೆಂಬ ಮೊಗಲ ರಾಯಭಾರಿಯು ವಿಜಾಪುರದಲ್ಲಿ ಕಂಡು, ಬೆರಗುಗೊಂಡು, ಅಕಬರ ಬಾದಶಹನಿಗೆ ಕಾಣಿಕೆಯಾಗಿ ಒಯ್ದನು. ಚಿಕ್ಕೋಡಿಯ ಸಂತೆಯ ಮೆಣಸಿನಕಾಯಿ, ರಾಯಬಾಗದ ಹೊಲದ ಗೋವಿನಜೋಳ, ಗಾಣಕ್ಕೆ ಹೋಗುವ ಸೇಂಗಾ, ಇವೆಲ್ಲವೂ ಅದೇ ದೂರದ ಖಂಡದಿಂದ ಬಂದವು. ಇಂದು ಅವನ್ನು ಪರಕೀಯವೆಂದು ಯಾರೂ ಕರೆಯರು. ನೆಲವು ಬೀಜವನ್ನು ತನ್ನದಾಗಿ ಮಾಡಿಕೊಳ್ಳುವಂತೆ ಜನರು ವಿದ್ಯೆಯನ್ನು ತಮ್ಮದಾಗಿ ಮಾಡಿಕೊಳ್ಳುವರೇ, ಮಾಡಿಕೊಂಡರೆ ಯಾವ ರೀತಿಯಿಂದ, ಎಂಬ ಪ್ರಶ್ನೆಗೆ ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ತೀರದ ಕಳೆದ 120 ವರ್ಷಗಳ ಚರಿತ್ರೆಯು ಒಳ್ಳೆಯ ಉತ್ತರವನ್ನು ಕೊಡುವದು.

ಅಥಣಿ, ಕಾಗವಾಡ, ರಾಯಬಾಗಗಳ ಎರೆನೆಲದ ಸ್ವಭಾವವನ್ನು ಒಕ್ಕಲಿಗನೇ ಬಲ್ಲನು. ಬೇಸಿಗೆಯಲ್ಲಿ ಅದು ಕಲ್ಲಿನಂತೆ ಗಟ್ಟಿಯಾಗಿ ಬಿರಿಯುವದು. ಮಳೆ ಬಿದ್ದರೆ ಕಾಲಿಗೆ ಅಂಟಿಕೊಂಡು ಬಿಡದು. ಅದರಲ್ಲಿ ಆಳಕ್ಕೆ ಬೇರಿಳಿಸಿದ ಕರಿಕೆಯನ್ನು ಕೀಳುವದು ಸಾಮಾನ್ಯವಾದ ನೇಗಿಲಿನಿಂದ ಆಗದ ಮಾತು. ಅದಕ್ಕಾಗಿ ಭಾರವಾದ ಕಟ್ಟಿಗೆಯ ನೇಗಿಲಿಗೆ ನಾಲ್ಕು, ಆರು ಜೋಡಿ ಎತ್ತುಗಳನ್ನು ಹೂಡಬೇಕಾಗುತ್ತಿತ್ತು. ಅಷ್ಟು ಎತ್ತುಗಳು ಒಬ್ಬನ ಹಟ್ಟಿಯಲ್ಲಿ ಇರುವದು ಅಪರೂಪ. ಆದುದರಿಂದ ಒಕ್ಕಲಿಗರು ಮುಯ್ಯಿಯ ಪದ್ಧತಿಯಿಂದ ಒಬ್ಬರ ಹೊಲಕ್ಕೆ ಇನ್ನೊಬ್ಬರು ಎತ್ತುಗಳನ್ನು ಕೊಟ್ಟು ಕೆಲಸ ಸಾಗಿಸುತ್ತಿದ್ದರು. ಇಷ್ಟು ಮಾಡಿದರೂ ಕಟ್ಟಿಗೆಯ ನೇಗಿಲು ಮಣ್ಣನ್ನು ಸೀಳುತ್ತಿತ್ತೇ ಹೊರತು ಮಗುಚುತ್ತಿರಲಿಲ್ಲ.

ಮಣ್ಣನ್ನು ಮಗುಚುವ ನೇಗಿಲಿನ ಕಥೆಯು ಬಹು ದೂರದ್ದು. ಕಬ್ಬಿಣದ ಬಾಗಿದ ಹಲಗೆಯನ್ನು ನೇಗಿಲಿಗೆ ಜೋಡಿಸುವ ಜಾಣ್ಮೆಯು ಚೀನದಲ್ಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಇತ್ತು. ಪೂರ್ವ ಏಶಿಯದೊಡನೆ ವ್ಯಾಪಾರ ನಡೆಸಿದ ಡಚ್ಚರು ಅದನ್ನು ನೋಡಿ ಕಲಿತು ತಮ್ಮ ನೇಗಿಲನ್ನು ಸುಧಾರಿಸಿಕೊಂಡರೆಂದು ಕೆಲವು ವಿದ್ವಾಂಸರು ಅಭಿಪ್ರಾಯಪಡುವರು. ಡಚ್ಚರ ಮಾದರಿಯನ್ನು ಅನುಸರಿಸಿ ಇಂಗ್ಲಂಡದಲ್ಲಿ 1730ರಲ್ಲಿ ರಾದರಹ್ಯಾಮ್ ನೇಗಿಲು ಹುಟ್ಟಿತು. 1803ರಲ್ಲಿ ಇಪ್ಸವಿಚ್ ಪಟ್ಟಣದ ರಾಬರ್ಟ ರ‍್ಯಾನ್ಸಮನು ಇನ್ನೊಂದು ಹೆಜ್ಜೆಯಿಟ್ಟನು. ಕರಗಿದ ಕಬ್ಬಿಣದ ಕೆಳಭಾಗವು ತಣ್ಣನೆಯ ಲೋಹದ ಅಚ್ಚಿಗೆ ತಗಲಿ ಬೇಗನೆ ಆರಿ ಗಟ್ಟಿಯಾಗುವಂತೆ ಆತನು ಗುಳವನ್ನು ಎರಕ ಹೊಯ್ದನು. ಮೇಲಿನ ಮೆತ್ತಗಿನ ಭಾಗ ಮೊದಲು ಸವೆಯುವದರಿಂದ ಗುಳವು ಉಳುತ್ತಿರುವಾಗಲೇ ಹರಿತವಾಗುತ್ತ ಹೋಯಿತು. ಅಮೇರಿಕೆಯ ಇಲಿನಾಯ್ ಪ್ರಾಂತದ ಅಂಟುಮಣ್ಣಿನಲ್ಲಿ ಎರಕದ ಕಬ್ಬಿಣದ ನೇಗಿಲು ಸಾಗದಿರಲು ಜಾನ್ ಡಿಯರ್ ಎಂಬ ಕಮ್ಮಾರನು 1837ರಲ್ಲಿ ನುಣುಪಾದ ಉಕ್ಕಿನ ನೇಗಿಲನ್ನು ಮಾಡಿದನು. ಯಾವ ದೇಶವೂ ನೇಗಿಲನ್ನು ಇದ್ದಕ್ಕಿದ್ದಂತೆ ಎತ್ತಿಕೊಳ್ಳಲಿಲ್ಲ. ತನ್ನ ಮಣ್ಣು ಹೇಳಿದಂತೆ ತಿದ್ದಿಕೊಂಡಿತು.

ಈ ಸಾಲಿಗೆ ಬೆಳಗಾವಿ ಜಿಲ್ಲೆಯೂ ಸೇರಿದುದು ಲಕ್ಷ್ಮಣರಾವ ಕಿರ್ಲೋಸ್ಕರರಿಂದ. 1869ರಲ್ಲಿ ಗುರ್ಲಹೊಸೂರಿನಲ್ಲಿ ಹುಟ್ಟಿದ ಅವರು ಚಿತ್ರಕಲೆಯನ್ನು ಕಲಿಯಬೇಕೆಂದು ಮುಂಬಯಿಗೆ ಹೋದರು. ಬಣ್ಣಗಳನ್ನು ಸರಿಯಾಗಿ ಗುರುತಿಸಲಾರದ ದೃಷ್ಟಿದೋಷವು ಆ ಆಸೆಗೆ ಅಡ್ಡ ಬಂದಿತು. ಅವರು ಎದೆಗುಂದದೆ ಯಂತ್ರಗಳ ರೇಖಾಚಿತ್ರವನ್ನು ಅಭ್ಯಾಸ ಮಾಡಿ, ವಿಕ್ಟೋರಿಯಾ ಜುಬಿಲಿ ತಾಂತ್ರಿಕ ವಿದ್ಯಾಲಯದಲ್ಲಿ ಶಿಕ್ಷಕರಾದರು. ಅಲ್ಲಿಯ ಕಾರ್ಯಶಾಲೆಯಲ್ಲಿ ಯಂತ್ರಗಳನ್ನು ಬಿಚ್ಚಿ ಜೋಡಿಸಿ, ಅಮೇರಿಕೆಯ ಯಂತ್ರಪತ್ರಿಕೆಗಳನ್ನು ಓದಿ, ಕಣ್ಣು ಕೈಗಳೆರಡರಿಂದಲೂ ಕಲಿತರು. 1888ರಲ್ಲಿ ಬೆಳಗಾವಿಯಲ್ಲಿ ಕಿರ್ಲೋಸ್ಕರ ಸೋದರರ ಬಾಯಿಸಿಕಲ್ಲಿನ ಅಂಗಡಿ ತೆರೆಯಿತು. ಪರದೇಶದ ವಸ್ತುವನ್ನು ಮಾರುವದು ಅದರ ಮೊದಲಿನ ಉದ್ಯೋಗ. ಮಾರುವದರಲ್ಲಿಯೇ ತೃಪ್ತರಾಗಿದ್ದರೆ ಆ ಹೆಸರು ಒಂದು ಪೇಟೆಯಲ್ಲಿಯೇ ಉಳಿಯುತ್ತಿತ್ತು. ಮುಂದೆ ಅವರು ಮೇವು ಕತ್ತರಿಸುವ ಯಂತ್ರವನ್ನು ಮಾಡಿದರು. 1903ರಲ್ಲಿ ಕಬ್ಬಿಣದ ನೇಗಿಲನ್ನು ಮಾಡಿದರು.

ನೇಗಿಲು ಸಿದ್ಧವಾಯಿತು; ಕೊಳ್ಳುವವರು ಬರಲಿಲ್ಲ. ಕಬ್ಬಿಣವು ಭೂಮಿತಾಯಿಗೆ ವಿಷವಾಗುವದೆಂಬ ನಂಬಿಗೆಯು ಒಕ್ಕಲಿಗರಲ್ಲಿ ಬಲವಾಗಿತ್ತು. ಮೊದಲಿನ ನೇಗಿಲುಗಳು ಮಾರಾಟವಾಗುವದಕ್ಕೆ ಸುಮಾರು ಎರಡು ವರ್ಷ ಹಿಡಿದವು. ಒಕ್ಕಲಿಗರ ಈ ಹಿಂಜರಿಕೆಯನ್ನು ಕೇವಲ ಅಜ್ಞಾನವೆನ್ನುವದು ನ್ಯಾಯವಲ್ಲ. ಒಂದು ಹಂಗಾಮು ಕೆಟ್ಟರೆ ಸಾಲದ ಬಾಯಿಗೆ ಬೀಳುವ ಮನುಷ್ಯನು ಹೊಸದನ್ನು ಮೊದಲು ಇನ್ನೊಬ್ಬರ ಹೊಲದಲ್ಲಿ ನೋಡಬಯಸುವದು ಸಹಜ. ವಾದದಿಂದ ಆಗದ ಕೆಲಸವು ಉತ್ತ ಹೊಲವನ್ನು ತೋರಿಸುವದರಿಂದ ಆಯಿತು. ಬೇರುಸಹಿತ ಮೇಲಕ್ಕೆ ಬಂದು ಬಿಸಿಲಿಗೆ ಒಣಗಿದ ಕರಿಕೆಯೇ ಕಬ್ಬಿಣದ ಪರವಾಗಿ ಸಾಕ್ಷಿ ನುಡಿಯಿತು.

1910ರಲ್ಲಿ ಬೆಳಗಾವಿಯ ನಗರಸಭೆಗೆ ಕಾರಖಾನೆಯ ಜಾಗವು ಬೇಕಾಯಿತು. ಸ್ಥಳವಿಲ್ಲದ ಆ ಉದ್ಯಮಕ್ಕೆ ಔಂಧ ಸಂಸ್ಥಾನದ ಅಧಿಪತಿಗಳಾದ ಬಾಳಾಸಾಹೇಬ ಪಂತ ಪ್ರತಿನಿಧಿಗಳು ಕುಂಡಲದ ಬಳಿಯಲ್ಲಿ 32 ಎಕರೆ ಬರಡು ನೆಲವನ್ನೂ 10,000 ರೂಪಾಯಿಗಳ ಸಾಲವನ್ನೂ ಕೊಟ್ಟರು. ಕಳ್ಳಿ ಬೆಳೆದ ಆ ಬಯಲೇ ಕಿರ್ಲೋಸ್ಕರವಾಡಿಯಾಯಿತು. ಅದು ನಿಂತ ರೈಲು ಮಾರ್ಗವೇ ಮಿರಜದಾಚೆ ಉಗಾರ, ಕುಡಚಿ, ರಾಯಬಾಗ, ಚಿಕ್ಕೋಡಿ ರೋಡುಗಳನ್ನು ಹಾಯ್ದು ಬೆಳಗಾವಿಗೆ ಹೋಗುವದು. ಜಿಲ್ಲೆಯನ್ನು ಬಿಟ್ಟು ಹೋದ ಕಾರಖಾನೆಯು ಹೀಗೆ ಅದೇ ಜಿಲ್ಲೆಯ ಎರೆಸೀಮೆಗೆ ಹತ್ತಿರವೇ ಆಯಿತು. 1922ರಲ್ಲಿ ಲಕ್ಷ್ಮಣರಾಯರು ಮಗನಾದ ಶಂತನುರಾಯರನ್ನು ಅಮೇರಿಕೆಯ ಮ್ಯಾಸಚೂಸೆಟ್ಸ ತಾಂತ್ರಿಕ ವಿದ್ಯಾಪೀಠಕ್ಕೆ ಕಳಿಸಿದರು. ಆತನು 1926ರಲ್ಲಿ ಯಂತ್ರಶಾಸ್ತ್ರದ ಪದವಿಯನ್ನು ಪಡೆದನು. ಪುಸ್ತಕದಿಂದ ಕಲಿತ ತಂದೆಯು ಮಗನಿಗೆ ಗುರುಗಳ ಬಳಿ ಕುಳಿತು ಕಲಿಯುವ ಅವಕಾಶವನ್ನು ಒದಗಿಸಿದನು. ಸುಮಾರು ಅದೇ ಕಾಲಕ್ಕೆ ಕಿರ್ಲೋಸ್ಕರವಾಡಿಯಲ್ಲಿ ನೀರೆತ್ತುವ ಪಂಪುಗಳು ತಯಾರಾಗಹತ್ತಿದವು.

ನೇಗಿಲು ನೆಲವನ್ನು ಆಳವಾಗಿ ತೆರೆಯಿತು. ಪಂಪು ನದಿಯ ನೀರನ್ನು ದಂಡೆಯ ಮೇಲಕ್ಕೆ ತಂದಿತು. ಇವೆರಡರ ಹಿಂದೆ ಕಬ್ಬು ಬಂದಿತು. ಕಬ್ಬಿನ ವಿಷಯದಲ್ಲಿ ಭಾರತವು ಒಂದು ಕಾಲಕ್ಕೆ ಗುರುವಾಗಿತ್ತು. 647ರಲ್ಲಿ ಚೀನದ ಸಾಮ್ರಾಟ ತಾಯಿ ತ್ಸುಂಗನು ಸಕ್ಕರೆ ಮಾಡುವ ಬಗೆಯನ್ನು ಅರಿತು ಬರಲು ಮಗಧಕ್ಕೆ ಜನರನ್ನು ಕಳಿಸಿದ್ದನು. ಆದರೆ 20ನೆಯ ಶತಮಾನದ ಆರಂಭಕ್ಕೆ ಜಾವಾ ದ್ವೀಪದ ಸಕ್ಕರೆಯು ಭಾರತದ ಪೇಟೆಗಳನ್ನು ತುಂಬಿತ್ತು. ಜಾವಾದ ಡಚ್ ಶಾಸ್ತ್ರಜ್ಞರು ತಳಿಗಳನ್ನು ಕೂಡಿಸಿ, ರೋಗಕ್ಕೆ ಬಗ್ಗದ ಹೊಸ ಕಬ್ಬುಗಳನ್ನು ಹುಟ್ಟಿಸಿದುದು ಅದಕ್ಕೆ ಒಂದು ಕಾರಣ. 1912ರಲ್ಲಿ ಕೊಯಮತ್ತೂರಿನಲ್ಲಿ ಸ್ಥಾಪಿತವಾದ ಕಬ್ಬಿನ ತಳಿಕೇಂದ್ರವು ಸ್ವದೇಶದ ಕಾಡುಕಬ್ಬನ್ನೂ ಬಳಸಿ ಅದೇ ಮಾರ್ಗದಲ್ಲಿ ನಡೆಯಿತು. ಜಾವಾದ ಪಿ.ಒ.ಜೆ. 2878 ತಾಯಿಯಾಗಿ, ಕೊಯಮತ್ತೂರಿನ ಕೊ. 290 ತಂದೆಯಾಗಿ ಹುಟ್ಟಿದ ಕೊ. 419 ತಳಿಯು ದಕ್ಷಿಣದ ಕಬ್ಬಿನ ಸೀಮೆಗಳನ್ನು ಹಲವು ದಶಕಗಳವರೆಗೆ ಆಳಿತು. 1932ರಲ್ಲಿ ಸರಕಾರವು ದೇಶದ ಸಕ್ಕರೆಗೆ ಸುಂಕದ ರಕ್ಷಣೆಯನ್ನು ಕೊಟ್ಟಿತು; 1939ರಲ್ಲಿ ಉಗಾರ ಖುರ್ದದ ಸಕ್ಕರೆ ಕಂಪನಿಯು ಸ್ಥಾಪಿತವಾಯಿತು. ಜೋಳ ಬೆಳೆಯುತ್ತಿದ್ದ ದಂಡೆಯು ಕ್ರಮೇಣ ಕಬ್ಬಿನ ನಾಡಾಯಿತು.

ಇಲ್ಲಿಯವರೆಗಿನದು ಏಳಿಗೆಯ ಕಥೆ. ಆದರೆ ನೀರು ಬಂದಷ್ಟು ಬೇಗನೆ ನೀರಿನ ವಿವೇಕವು ಬರಲಿಲ್ಲ. ಎರೆಮಣ್ಣು ನೀರನ್ನು ಕೆಳಕ್ಕೆ ಇಳಿಯಗೊಡದು. ವರ್ಷವಿಡೀ ಹರಿಸಿದ ನೀರು ನೆಲದೊಳಗೆ ನಿಂತು ಮೇಲಕ್ಕೇರಿ, ಬಿಸಿಲಿಗೆ ಆರಿ, ತನ್ನಲ್ಲಿಯ ಉಪ್ಪನ್ನು ಬೇರಿನ ಮೇಲೆ ಬಿಟ್ಟು ಹೋಗುವದು. ಇದನ್ನೇ ಒಕ್ಕಲಿಗರು ಸವಳು-ಜವಳು ಎನ್ನುವರು. ಅಥಣಿ, ಕಾಗವಾಡ, ರಾಯಬಾಗ, ಚಿಕ್ಕೋಡಿಗಳ ನದೀತೀರದಲ್ಲಿ ಒಂದು ಕಾಲಕ್ಕೆ ಊರಿಗೇ ಮೇಲಾಗಿದ್ದ ಹೊಲಗಳು ಬಿಳಿಯ ಪದರು ಹೊದ್ದು ಕಬ್ಬನ್ನೂ ಜೋಳವನ್ನೂ ಬೆಳೆಯದಾದವು. ಅಜ್ಜನು ಸಾಲ ಮಾಡಿ ಪಂಪು ಕೂಡಿಸಿದ ಹೊಲದಲ್ಲಿ ಮೊಮ್ಮಗನಿಗೆ ಹುಲ್ಲೂ ಸಿಗದಂತಾದುದು ಸಣ್ಣ ದುಃಖವಲ್ಲ. ಹೊರಗಿನಿಂದ ಯಂತ್ರವೂ ತಳಿಯೂ ಬಂದವು. ಎಷ್ಟು ನೀರು ಸಾಕು, ಹೆಚ್ಚಾದುದು ಎಲ್ಲಿಗೆ ಹೋಗಬೇಕು ಎಂಬ ಅರಿವು ಅವುಗಳ ಜೊತೆಗೆ ಬರಲಿಲ್ಲ.

ಈ ರೋಗಕ್ಕೂ ಮದ್ದು ದೊರೆತುದು ಇನ್ನೊಂದು ದೇಶದ ಅನುಭವದಿಂದ. ಸಮುದ್ರಕ್ಕಿಂತ ತಗ್ಗಾದ ನೆಲದಲ್ಲಿ ಬಾಳುವ ಹಾಲೆಂಡದ ಜನರು ನೀರು ಬಸಿಯುವ ವಿದ್ಯೆಯಲ್ಲಿ ನುರಿತವರು. 1980ರ ದಶಕದಲ್ಲಿ ಅವರ ಸಹಕಾರದಿಂದ ಕರ್ನಾಲದ ಕೇಂದ್ರೀಯ ಸವಳುಮಣ್ಣಿನ ಸಂಶೋಧನಾ ಸಂಸ್ಥೆಯು ಹರಿಯಾಣದ ಹೊಲಗಳಲ್ಲಿ ನೆಲದೊಳಗಿನ ಬಸಿಗೊಳವೆಗಳನ್ನು ಪ್ರಯೋಗಿಸಿತು. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರವು ತುಂಗಭದ್ರೆಯ ಎರೆನೆಲದಲ್ಲಿ ಅದೇ ವಿದ್ಯೆಯನ್ನು ಪರೀಕ್ಷಿಸಿತು. ಸಣ್ಣ ರಂಧ್ರಗಳುಳ್ಳ ಕೊಳವೆಗೆ ಸೋಸುವ ಬಟ್ಟೆಯನ್ನು ಸುತ್ತಿ, ಆಳಕ್ಕೆ ಹೂಳಿ, ಇಳಿಜಾರಾಗಿ ಹಳ್ಳದವರೆಗೆ ಒಯ್ಯುವರು. ಮಳೆಯ ನೀರು ಉಪ್ಪನ್ನು ಕರಗಿಸಿಕೊಂಡು ಆ ದಾರಿಯಿಂದ ಹೊರಗೆ ಹೋಗುವದು. 21ನೆಯ ಶತಮಾನದಲ್ಲಿ ಕೃಷ್ಣಾತೀರದ ಉಗಾರ ಬುದ್ರುಕದಲ್ಲಿಯೂ ಈ ಕೆಲಸವು ದೊಡ್ಡ ಪ್ರಮಾಣದಲ್ಲಿ ನಡೆಯಿತು.

ಇಲ್ಲಿಯೇ ಲಕ್ಷ್ಯವಿಡಬೇಕಾದ ಸಂಗತಿಯೊಂದುಂಟು. ನೇಗಿಲನ್ನು ಒಬ್ಬನೇ ಕೊಳ್ಳಬಹುದು. ಬಸಿಗೊಳವೆಯನ್ನು ಒಬ್ಬನೇ ಹಾಕಿ ಫಲ ಪಡೆಯಲಾರನು. ಅವನ ಹೊಲದ ನೀರು ಹಳ್ಳವನ್ನು ಮುಟ್ಟಬೇಕಾದರೆ ನೆರೆಯವನ ಹೊಲವನ್ನು ದಾಟಲೇಬೇಕು. ಮೇಲಿನವನು ಒಪ್ಪಿ ಕೆಳಗಿನವನು ಒಪ್ಪದಿದ್ದರೆ ಇಬ್ಬರ ನೆಲವೂ ಸವಳಾಗುವದು. ಡಚ್ಚರು ಇದನ್ನು ಬಹು ಹಿಂದೆಯೇ ಅರಿತು, 13ನೆಯ ಶತಮಾನದಿಂದಲೇ ನೀರಿನ ಮಂಡಳಿಗಳನ್ನು ಕಟ್ಟಿಕೊಂಡು, ಕೂಡಿ ತೆರಿಗೆ ಕೊಟ್ಟು, ಕೂಡಿ ಕಾಲುವೆ ಕಾಯ್ದುಕೊಂಡು ಬಂದರು. ಅವರಿಂದ ಕಲಿಯಬೇಕಾದುದರಲ್ಲಿ ಕೊಳವೆಯು ಸುಲಭವಾದ ಭಾಗ; ಕೂಡಿ ನಡೆಯುವ ಕಟ್ಟಳೆಯೇ ಕಠಿಣವಾದ ಭಾಗ.

ಆದರೂ ಈ ನಾಡಿಗೆ ಅದು ತೀರ ಹೊಸದಲ್ಲ. ಆರು ಜೋಡಿ ಎತ್ತುಗಳನ್ನು ಆರು ಹಟ್ಟಿಗಳಿಂದ ತಂದು ಒಂದೇ ನೇಗಿಲಿಗೆ ಹೂಡುತ್ತಿದ್ದ ಜನರ ಮೊಮ್ಮಕ್ಕಳೇ ಇಂದು ಆ ಹೊಲಗಳ ಒಡೆಯರು. ಕಬ್ಬಿಣದ ನೇಗಿಲು ಬಂದ ಮೇಲೆ ಆ ದೊಡ್ಡ ಹೂಟೆಯ ಮುಯ್ಯಿಯ ಅಗತ್ಯವು ಕಡಿಮೆಯಾಯಿತು. ಸವಳು ಬಂದ ಮೇಲೆ ಅದು ಮತ್ತೆ ಬೇಕಾಗಿದೆ. ಪರದೇಶದ ವಿದ್ಯೆಯು ಈ ಎರೆನೆಲದಲ್ಲಿ ಬೇರೂರುವದೂ ಬೇರೂರದಿರುವದೂ ಕೃಷ್ಣಾತೀರದ ನೆರೆಹೊರೆಯವರು ಒಬ್ಬರ ಹೊಲದ ನೀರಿಗೆ ಇನ್ನೊಬ್ಬರು ದಾರಿ ಬಿಡುವದರ ಮೇಲೆ ನಿಂತಿದೆ.