ಮನೆಯಂಗಳದಲ್ಲಿ ಕಾಂಪೋಸ್ಟ್ ಗೊಬ್ಬರ ತಯಾರಿಕೆ: ಚಿನ್ನದ ಗಣಿ ಪ್ರದೇಶದ ನಾಗರಿಕರಿಗೆ ಮಾಹಿತಿ

ಪೀಠಿಕೆ

ಕೋಲಾರ ಚಿನ್ನದ ಗಣಿ ಪ್ರದೇಶದ ನಂದಿದುರ್ಗ, ಚಾಂಪಿಯನ್ ರೀಫ್ ಹಾಗೂ ಮೈಸೂರು ಗಣಿಗಳಲ್ಲಿ ಒಂದು ಶತಮಾನಕ್ಕೂ ಹೆಚ್ಚು ಕಾಲ ಚಿನ್ನ ತೆಗೆಯಲಾಯಿತು. 2001ರ ಫೆಬ್ರವರಿ 28ರಂದು ಗಣಿಗಾರಿಕೆ ನಿಂತಿತು. ಅದಿರನ್ನು ಪುಡಿಮಾಡಿ ಚಿನ್ನ ಬೇರ್ಪಡಿಸಿದ ನಂತರ ಉಳಿದ ಮಣ್ಣಿನ ರಾಶಿಗಳು, ಅಂದರೆ 'ಸೈನೈಡ್ ಗುಡ್ಡ'ಗಳು, ಇಂದಿಗೂ ವಸತಿ ಬಡಾವಣೆಗಳ ಪಕ್ಕದಲ್ಲಿಯೇ ಇವೆ. ಗಾಳಿಯ ದಿನಗಳಲ್ಲಿ ಅವುಗಳ ಧೂಳು ಅಂಗಳಗಳಿಗೂ ಬಂದು ಬೀಳುತ್ತದೆ. ಆದ್ದರಿಂದ ಈ ಪ್ರದೇಶದಲ್ಲಿ ಕೈತೋಟ ಮಾಡುವವರು ಗೊಬ್ಬರ ತಯಾರಿಸುವ ಕ್ರಮದ ಜೊತೆಗೆ ಯಾವ ಮಣ್ಣನ್ನು ಬಳಸಬಾರದು ಎಂಬುದನ್ನೂ ತಿಳಿದಿರುವುದು ಅವಶ್ಯಕ.

ಕಾಂಪೋಸ್ಟಿನ ಪ್ರಯೋಜನ

ಕೋಲಾರ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಕಾಂಪೋಸ್ಟ್ ಸೇರಿದ ಮಣ್ಣು ತೇವವನ್ನು ಹೆಚ್ಚು ಕಾಲ ಹಿಡಿದಿಡುವುದರಿಂದ ಗಿಡಗಳಿಗೆ ಕಡಿಮೆ ನೀರು ಸಾಕಾಗುತ್ತದೆ. ಹಸಿ ಕಸವು ಮನೆಯಲ್ಲಿಯೇ ಗೊಬ್ಬರವಾಗುವುದರಿಂದ ನಗರಸಭೆಯ ಕಸದ ಹೊರೆಯೂ ತಗ್ಗುತ್ತದೆ.

ಬಳಸಬಹುದಾದ ವಸ್ತುಗಳು

ತರಕಾರಿ ಮತ್ತು ಹಣ್ಣಿನ ಸಿಪ್ಪೆ, ಚಹಾ ಚರಟ, ಒಣ ಎಲೆ, ರಾಗಿ ಹುಲ್ಲು, ತೆಂಗಿನ ನಾರಿನ ಪುಡಿ, ಸೆಗಣಿ.

ಬಳಸಬಾರದ ವಸ್ತುಗಳು

ಮಾಂಸ, ಮೀನು, ಎಣ್ಣೆ ಪದಾರ್ಥ, ಪ್ಲಾಸ್ಟಿಕ್, ಕಲ್ಲಿದ್ದಲಿನ ಬೂದಿ, ರೋಗ ತಗುಲಿದ ಟೊಮೆಟೊ ಗಿಡ ಹಾಗೂ ಗುಡ್ಡದ ಮಣ್ಣು ಅಥವಾ ಮರಳು.

ತಯಾರಿಸುವ ವಿಧಾನ

ಅ) ಅಂಗಳವಿಲ್ಲದ ಮನೆಗಳಿಗೆ:
1. ಮುಚ್ಚಳವಿರುವ ದೊಡ್ಡ ಬಕೆಟ್ ಅಥವಾ ಮಡಿಕೆಯ ಬದಿಗಳಲ್ಲಿಯೂ ತಳದಲ್ಲಿಯೂ ರಂಧ್ರಗಳನ್ನು ಮಾಡಿ, ತಳದಲ್ಲಿ 3 ಅಂಗುಲ ಒಣ ಎಲೆ ಹರಡಬೇಕು.
2. ಪ್ರತಿದಿನದ ಹಸಿ ಕಸವನ್ನು ಸಣ್ಣದಾಗಿ ಹೆಚ್ಚಿ ಹಾಕಿ, ಅದರ ಎರಡರಷ್ಟು ಒಣ ಎಲೆ ಅಥವಾ ನಾರಿನ ಪುಡಿಯಿಂದ ಮುಚ್ಚಬೇಕು.
3. ಆರಂಭದಲ್ಲಿ ಸ್ವಲ್ಪ ಸೆಗಣಿ ನೀರು ಚಿಮುಕಿಸಿದಲ್ಲಿ ಕೊಳೆಯುವಿಕೆ ಬೇಗ ಪ್ರಾರಂಭವಾಗುತ್ತದೆ.
4. ವಾರಕ್ಕೊಮ್ಮೆ ಮಗುಚಬೇಕು. ಬಕೆಟ್ ತುಂಬಿದ ನಂತರ ಎರಡರಿಂದ ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧವಾಗುತ್ತದೆ.

ಆ) ಅಂಗಳವಿರುವ ಮನೆಗಳಿಗೆ:
ಡಾ. ಸಿ.ಎನ್. ಆಚಾರ್ಯ ಅವರು 1939ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೂಪಿಸಿದ 'ಬೆಂಗಳೂರು ವಿಧಾನ' ಒಣ ಪ್ರದೇಶಗಳಿಗೆ ಸೂಕ್ತವಾಗಿದೆ. ಸುಮಾರು 3 ಅಡಿ ಆಳದ ಗುಂಡಿಯಲ್ಲಿ ಕಸ ಮತ್ತು ಸೆಗಣಿಯನ್ನು ಪದರ ಪದರವಾಗಿ ತುಂಬಿ, ಮೇಲೆ ಕೆಸರು ಮಣ್ಣನ್ನು ಮೆತ್ತಿ ಮುಚ್ಚಲಾಗುತ್ತದೆ. ಪದೇ ಪದೇ ಮಗುಚುವ ಅಥವಾ ನೀರು ಹಾಕುವ ಅಗತ್ಯವಿಲ್ಲ. 6ರಿಂದ 8 ತಿಂಗಳಲ್ಲಿ ಗೊಬ್ಬರ ದೊರೆಯುತ್ತದೆ. ಗುಡ್ಡಗಳಿಗೆ ಹೊಂದಿಕೊಂಡ ಜಾಗದಲ್ಲಿ ಗುಂಡಿ ತೋಡದೆ ಬಕೆಟ್ ವಿಧಾನವನ್ನೇ ಅನುಸರಿಸುವುದು ಸೂಕ್ತ.

ಸಾಮಾನ್ಯ ತೊಂದರೆ ಮತ್ತು ಪರಿಹಾರ

- ದುರ್ವಾಸನೆ: ತೇವ ಹೆಚ್ಚಾಗಿದೆ. ಒಣ ಎಲೆ ಸೇರಿಸಿ ಮಗುಚಬೇಕು.
- ಕೊಳೆಯದಿರುವುದು: ತೇವ ಕಡಿಮೆಯಾಗಿದೆ. ಮುಷ್ಟಿಯಲ್ಲಿ ಹಿಂಡಿದಾಗ ಕೈ ಒದ್ದೆಯಾಗಬೇಕು, ನೀರು ಸುರಿಯಬಾರದು.
- ಇರುವೆ: ರಾಶಿ ಒಣಗಿದೆ. ನೀರು ಚಿಮುಕಿಸಬೇಕು.

ಸಿದ್ಧವಾದ ಗೊಬ್ಬರವು ಕಪ್ಪು ಬಣ್ಣದ್ದಾಗಿದ್ದು, ಮೊದಲ ಮಳೆಗೆ ನೆನೆದ ಮಣ್ಣಿನ ವಾಸನೆ ಹೊಂದಿರುತ್ತದೆ.

ವಿಶೇಷ ಎಚ್ಚರಿಕೆ

1. ಗುಡ್ಡದ ಮಣ್ಣು ನುಣುಪಾಗಿದ್ದು ಕುಂಡಕ್ಕೆ ಅನುಕೂಲವೆಂದು ತೋರಬಹುದು. ಅದರಲ್ಲಿ ಆರ್ಸೆನಿಕ್‌ನಂತಹ ವಿಷಕಾರಿ ಅಂಶಗಳಿರುವ ಸಾಧ್ಯತೆಯಿದೆ. ಅದನ್ನು ಯಾವ ಕಾರಣಕ್ಕೂ ತೋಟಕ್ಕೆ ತರಬಾರದು.
2. ಕಾಂಪೋಸ್ಟ್ ಹಾಕಿದ ಮಾತ್ರಕ್ಕೆ ಮಣ್ಣಿನಲ್ಲಿರುವ ಭಾರಲೋಹಗಳು ನಾಶವಾಗುವುದಿಲ್ಲ. ಅಂಗಳದ ಮಣ್ಣಿನ ಬಗ್ಗೆ ಸಂಶಯವಿದ್ದಲ್ಲಿ ಕುಂಡ ಅಥವಾ ಚೀಲಗಳಲ್ಲಿ, ದೂರದ ಹೊಲದಿಂದ ತಂದ 2 ಭಾಗ ಕೆಮ್ಮಣ್ಣಿಗೆ 1 ಭಾಗ ಕಾಂಪೋಸ್ಟ್ ಬೆರೆಸಿ ಬೆಳೆಯಬೇಕು.
3. ಸೊಪ್ಪು ಮತ್ತು ಗೆಡ್ಡೆಗಳಲ್ಲಿ ಭಾರಲೋಹಗಳು ಸಾಮಾನ್ಯವಾಗಿ ಕಾಯಿಗಳಿಗಿಂತ ಹೆಚ್ಚು ಸೇರುತ್ತವೆ. ಇವನ್ನು ಸಂಶಯವಿರುವ ನೆಲದಲ್ಲಿ ಬೆಳೆಯಬಾರದು. ಎಲ್ಲಿ ಬೆಳೆದರೂ ಧೂಳು ಹೋಗುವಂತೆ ಚೆನ್ನಾಗಿ ತೊಳೆದು ಬಳಸಬೇಕು.
4. ಗೊಬ್ಬರದ ಬಕೆಟ್ಟನ್ನೂ ಒಣ ಎಲೆಯ ಚೀಲವನ್ನೂ ಮುಚ್ಚಿಡಬೇಕು. ಮಕ್ಕಳು ತೋಟದಲ್ಲಿ ಆಡಿದ ನಂತರ ಕೈ ತೊಳೆಯುವಂತೆ ನೋಡಿಕೊಳ್ಳಬೇಕು.

ಮಣ್ಣು ಪರೀಕ್ಷೆ

ತೋಟದ 4-5 ಕಡೆಗಳಲ್ಲಿ 15 ಸೆಂ.ಮೀ. ಆಳದವರೆಗಿನ ಮಣ್ಣು ತೆಗೆದು ಬೆರೆಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಶುದ್ಧವಾದ ಚೀಲದಲ್ಲಿ ಹೆಸರು ಮತ್ತು ವಿಳಾಸದ ಚೀಟಿಯೊಂದಿಗೆ ನೀಡಬೇಕು. 2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿ ಯೋಜನೆಯ ಪರೀಕ್ಷೆಯು ಸಾರಜನಕ, ರಂಜಕ, ಪೊಟ್ಯಾಷ್ ಮೊದಲಾದ 12 ಅಂಶಗಳಿಗೆ ಸೀಮಿತವಾಗಿದ್ದು, ಅದರಲ್ಲಿ ಆರ್ಸೆನಿಕ್ ಮತ್ತು ಸೀಸ ಸೇರಿರುವುದಿಲ್ಲ. ಆದ್ದರಿಂದ ಚೀಟಿಯಲ್ಲಿ ಮಣ್ಣು ಉತ್ತಮವೆಂದು ಬಂದರೂ ಅದನ್ನು ಸುರಕ್ಷತೆಯ ಪ್ರಮಾಣವೆಂದು ಭಾವಿಸಬಾರದು. ಗಣಿ ಪ್ರದೇಶದ ನಿವಾಸಿಗಳು ಭಾರಲೋಹ ಪರೀಕ್ಷೆ ಬೇಕೆಂದು ಪ್ರತ್ಯೇಕವಾಗಿ ಕೇಳಿ, ಅದರ ಲಭ್ಯತೆ ಮತ್ತು ಶುಲ್ಕವನ್ನು ವಿಚಾರಿಸಿಕೊಳ್ಳುವುದು.

ಹೆಚ್ಚಿನ ಮಾಹಿತಿಗೆ

ಬಂಗಾರಪೇಟೆಯ ತೋಟಗಾರಿಕೆ ಇಲಾಖೆಯ ಕಚೇರಿ, ಸಮೀಪದ ರೈತ ಸಂಪರ್ಕ ಕೇಂದ್ರ ಅಥವಾ ಕೋಲಾರದ ಟಮಕದಲ್ಲಿರುವ ಕೃಷಿ ವಿಜ್ಞಾನ ಕೇಂದ್ರವನ್ನು ಕಚೇರಿ ವೇಳೆಯಲ್ಲಿ ಸಂಪರ್ಕಿಸಬಹುದು.